ಹೊಟ್ಟೆ ಕೊಯ್ಸಿದ ಸಾವ್ಕಾರರ ಬಾಯಿಗೆ ಸಕ್ಕರೆ

ನಾನು ಎಲ್ಲಿ ಕೆಲಸಕ್ಕೆ ಸೇರಿದರೂ ಅಲ್ಲಿ ಒಂದು ವಾರ ನೆಟ್ಟಗೆ ಕಳೆಯುವುದಿಲ್ಲ, ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆಮೇಲೆ ಲಾರಿ ಕ್ಲೀನರ್ ಆದೆ, ಖಾನಾವಳಿಯಲ್ಲಿ ಬಡಿಸಿದೆ, ಟಾಕೀಸಿನ ಗೇಟಿನಲ್ಲಿ ಟಿಕೀಟು ಹರಿದೆ. ಒಂದು ಊರಿನ ನೀರು ಒಗ್ಗುವುದರೊಳಗೆ ಇನ್ನೊಂದು ಊರಿನ ಬಸ್ಸು ಹತ್ತುವುದು ನನ್ನ ಜಾಯಮಾನ. ಎರಡು ಸಾವಿರದ ಆರೋ ಏಳೋ ಇರಬೇಕು, ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ಕಾರಿಗೆ ಡ್ರೈವರ್ ಆಗಿ ಸೇರಿದೆ. ಅಲ್ಲಿ ಮಾತ್ರ ಬಹಳ ದಿನ ನಿಂತೆ. ಪಗಾರದ ಆಸೆಗಲ್ಲ, ಮುಂದೇನಾಗುತ್ತದೋ ನೋಡೋಣ ಎಂಬ ಆಸೆಗೆ.

೧. ಗೋದಾಮು ತೆಗೆಸಿದ್ದು

ನಮ್ಮ ಸಾವ್ಕಾರರು ಮೊದಲು ಎಷ್ಟು ದಪ್ಪ ಇದ್ದರೆಂದರೆ, ಅವರು ಎಡಗಡೆ ಕುಂತರೆ ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿಯಬೇಕಿತ್ತು. ಮೊಣಕಾಲು ನೋವು ಬಂತು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟಿತು, ದಲಾಲಿ ನಡೆಸುವ ಅಡತಿ ಅಂಗಡಿಯ ಕುರ್ಚಿಗಳು ಒಂದೊಂದಾಗಿ ಕಾಲು ಮುರಿದುಕೊಂಡವು. ಕೊನೆಗೆ ಮುಂಬೈಗೆ ಹೋಗಿ ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಮಾಡಿಸಿಕೊಂಡು ಬಂದರು. ಊರಿಗೆ ಹೇಳಿದ್ದು ವ್ಯಾಪಾರಕ್ಕೆ ಹೋಗಿದ್ದೆವು ಎಂದು. ಖರೇ ಸಂಗತಿ ಗೊತ್ತಿದ್ದದ್ದು ಅವರಿಗೆ, ಅವರ ಹೆಂಡತಿ ಅಕ್ಕಾರಿಗೆ ಮತ್ತು ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕುಂತಿದ್ದ ನನಗೆ.

ಅಲ್ಲಿಯ ಡಾಕ್ಟರು ಸಕ್ಕರೆ ವಿಷಯ ಹಿಂದಿಯಲ್ಲಿ ಬಹಳ ಹೊತ್ತು ಹೇಳಿದ್ದರು. ಸಾವ್ಕಾರರು ಅದನ್ನು ತಮ್ಮ ಮಾರ್ಕೆಟ್ಟಿನ ಮಾತಿನಲ್ಲಿ ನನಗೆ ತಿಳಿಸಿದರು.

"ಮೊದಲ ನನ್ನ ಹೊಟ್ಟಿ ಗೋದಾಮ ಇದ್ದಂಗ ಇತ್ತು. ಮಾಲು ಬಂದು, ನಿಂತು, ಸಾವಕಾಶ ಹೊರಗ ಹೋಗ್ತಿತ್ತು. ಈಗ ಗೋದಾಮ ತಗದು ಒಂದು ಡಬ್ಬಿ ಇಟ್ಟಾರ. ಸಕ್ರಿ ಬಂತಂದ್ರ ನಿಲ್ಲಾಕ ಜಾಗಾ ಇಲ್ಲ, ಸೀದಾ ಕರುಳಿಗೆ ನುಗ್ಗತೈತಿ. ನುಗ್ಗಿತಂದ್ರ ಬೆವರು, ಎದಿ ಬಡಿತ, ಕಣ್ಣಿಗೆ ಕತ್ತಲಿ."

"ಹಂಗಾರ ಜನ್ಮಕ್ಕ ಸಕ್ರಿ ಇಲ್ಲೇನ್ರಿ?"

"ಚೂರ ಚೂರ ತಿಂದು ರೂಢಿ ಮಾಡ್ಕೋಬೇಕಂತ. ಕೆಲವರಿಗೆ ಒಗ್ಗತೈತಂತ, ಕೆಲವರಿಗೆ ಇಲ್ಲಂತ."

ತೊಡಕು ಇದ್ದದ್ದು ಇಲ್ಲಿಯೇ. ಅವರ ಮಗಳಿಗೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ನಮ್ಮ ಕಡೆ ಮದುವೆ ಮಾತು ಗಟ್ಟಿಯಾಗುವುದು ಬಾಯಲ್ಲಿ. ಬೀಗರು ಬೀಗರ ಬಾಯಿಗೆ ಸಕ್ಕರೆ ಹಾಕಬೇಕು, ಅಲ್ಲಿಗೆ ಮಾತು ಮುಗಿದಂತೆ. ಒಲ್ಲೆ ಅಂದರೆ ಸಂಬಂಧಕ್ಕೆ ಮನಸ್ಸಿಲ್ಲ ಎಂದು ಅರ್ಥ. ತಿಂದು ಬೆವತು ಬಿದ್ದರೆ, ಹೆಣ್ಣಿನ ಅಪ್ಪನ ಹೊಟ್ಟೆಯಲ್ಲಿ ಏನೋ ಕೆಟ್ಟ ಬ್ಯಾನಿ ಐತಿ ಎಂದು ಬೀಗರು ಎದ್ದು ಹೋಗುತ್ತಾರೆ. ಸಾವ್ಕಾರರಿಗೆ ಅನ್ನ ನೀರಿನ ಚಿಂತೆ ಹೋಗಿ ಆ ಒಂದು ಮುಷ್ಟಿ ಸಕ್ಕರೆಯ ಚಿಂತೆ ಹತ್ತಿತು.

ಆಪರೇಶನ್ ಮುಚ್ಚಿಡಬಹುದು, ಕರಗುವ ಮೈಯನ್ನು ಎಲ್ಲಿ ಮುಚ್ಚಿಡುವುದು? ಅಂಗಿಯೊಳಗೆ ಸಾವ್ಕಾರರನ್ನು ಹುಡುಕುವಂತಾಯಿತು. ಮಾಲು ತಂದ ರೈತರು ಅವರ ಮುಖ ನೋಡಿ ಚೀಲ ಇಳಿಸದೆ ನಿಂತರು. "ದಲಾಲಿ ಹಿಂಗ ಇಳದಾನಂದ್ರ ಅಂಗಡಿ ಮುಳುಗೈತೋ ಮಾರಾಯಾ" ಎಂದು ಪಕ್ಕದ ಅಡತಿಗೆ ಗಾಡಿ ತಿರುಗಿಸಿದರು. ನಾನು ಉಪಾಯ ಮಾಡಿ, ಸಾವ್ಕಾರರು ನಸುಕಿನಲ್ಲಿ ಎದ್ದು ಯೋಗ ಮಾಡುತ್ತಾರೆ ಎಂದು ಚಹಾದ ಅಂಗಡಿಯಲ್ಲಿ ಸುದ್ದಿ ಬಿಟ್ಟೆ. ಮಾರನೆ ದಿನ ಮಾರ್ಕೆಟ್ಟಿನ ದಪ್ಪ ದಲಾಲರೆಲ್ಲ ಚಾಪೆ ಹಿಡಿದು ಬಾಗಿಲಿಗೆ ಬಂದರು.

"ನಮಗೂ ಕಲಸ್ರಿ ಸಾವ್ಕಾರ್ರ."

ಸಾವ್ಕಾರರಿಗೆ ಬರುತ್ತಿದ್ದದ್ದು ನೆಲದ ಮೇಲೆ ಕುಂತು ಏಳುವುದೊಂದೇ. ಅದನ್ನೇ ಒಂದು ತಾಸು ಮಾಡಿಸಿದರು. ಏಳಲು ಬಾರದವರನ್ನು ನಾನು ಕಂಕುಳಕ್ಕೆ ಕೈ ಹಾಕಿ ಎಬ್ಬಿಸಿದೆ. ಮರುದಿನದಿಂದ ಯಾರೂ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಮಾತ್ರ, "ಅವರು ಮಾಡೂ ಯೋಗ ಭಾಳ ಮ್ಯಾಲಿಂದ, ನಮ್ಮಂಥವರಿಗೆ ಅಲ್ಲ" ಎಂದು ಹೆಸರಾಯಿತು.

೨. ಬೆಲ್ಲದ ನ್ಯಾಯ

ಅಗಡಿಯ ರೈತರೊಬ್ಬರು ಹೊಸ ಮನೆ ಕಟ್ಟಿದ್ದರು. ಹಳೆಯ ಗಿರಾಕಿ, ಹೋಗದೆ ಇದ್ದರೆ ನಡೆಯುವುದಿಲ್ಲ. ಒಳಗೆ ಕುಂತ ಕೂಡಲೆ ಮನೆಯಾಕೆ ಚಹಾ ತಂದಳು.

"ನಂಗ ಸಕ್ರಿ ಒಗ್ಗೂದಿಲ್ಲವ್ವಾ."

"ಗೊತ್ತೈತ್ರಿ ಸಾವ್ಕಾರ್ರ. ಅದಕ್ಕ ಬೆಲ್ಲದ ಚಾ ಮಾಡೇನಿ."

"ಬೆಲ್ಲ ಅಂದ್ರೂ ಸಕ್ರಿನಾ ಬೇ."

"ಅದ್ಹೆಂಗ್ರಿ? ಸಕ್ರಿ ಫ್ಯಾಕ್ಟರಿದು, ಬೆಲ್ಲ ನಮ್ಮ ಗಾಣದ್ದು."

"ಎರಡೂ ಕಬ್ಬಿನಾಗಿಂದನ ಬರ್ತಾವಲ್ಲ."

"ಬರವೊಲ್ಲವ್ಯಾಕ್ರಿ. ನೀವೂ ನಿಮ್ಮ ತಮ್ಮಾರೂ ಒಂದ ಹೊಟ್ಟ್ಯಾಗಿಂದ ಬಂದೀರಿ. ಅವರು ತೂಕದಾಗ ಹೊಡೀತಾರ. ನೀವು ಹೊಡೀತೀರೇನು?"

ಪಡಸಾಲೆ ತುಂಬ ರೈತರು ಕುಂತಿದ್ದರು. ಎಲ್ಲರೂ ಉತ್ತರಕ್ಕೆ ಕಾದರು. ಸಾವ್ಕಾರರು ಬಟ್ಟಲು ಎತ್ತಿ ಚಹಾ ಕುಡಿದರು.

ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಎದೆ ಬಡಿತ ಅಂಗಿ ಮೇಲಿಂದಲೇ ಕಾಣತೊಡಗಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಒಬ್ಬರು ಟವಲಿನಿಂದ ಗಾಳಿ ಹಾಕಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಮನೆಯಾಕೆ ಒಳಗೆ ಓಡಿ ಒಂದು ತಂಬಿಗೆ ತುಂಬ ಸಕ್ಕರೆ ನೀರು ಕದಡಿಕೊಂಡು ಬಂದಳು.

"ಬೇ, ಸಕ್ರಿ ಒಗ್ಗೂದಿಲ್ಲ ಅಂದ್ರಲ್ಲ ಅವರು" ಅಂದೆ.

"ಅದು ಚಾಕ್ಕ ತಮ್ಮಾ. ಇದು ಔಷಧಕ್ಕ" ಎಂದು ಸಾವ್ಕಾರರ ಗದ್ದ ಹಿಡಿದು ಬಾಯಿ ತೆಗೆಸತೊಡಗಿದಳು. ಬೇರೆ ದಾರಿ ಕಾಣದೆ ನಾನು ತಂಬಿಗೆ ಕಸಿದುಕೊಂಡು ಅಷ್ಟನ್ನೂ ಗಟಗಟ ಕುಡಿದುಬಿಟ್ಟೆ.

ಮನೆಯಾಕೆ ನನ್ನನ್ನೊಮ್ಮೆ ನೋಡಿ ಒಳಗೆ ಕೂಗಿ ಹೇಳಿದಳು. "ಇನ್ನೊಂದು ತಂಬಗಿ ಮಾಡ್ರವಾ. ಡ್ರೈವರಗೂ ಚಕ್ಕರ್ ಬಂದೈತಿ."

೩. ಚಹಾದಲ್ಲಿ ಗುಳಿಗೆ

ಆಮೇಲೆ ಸಾವ್ಕಾರರು ಸಕ್ಕರೆ ಬದಲಿಗೆ ಹಾಕಿಕೊಳ್ಳುವ ಸಿಹಿ ಗುಳಿಗೆ ತರಿಸಿದರು. ಬೆರಳಷ್ಟು ಉದ್ದದ ಡಬ್ಬಿ. ಮೇಲೆ ಒತ್ತಿದರೆ ಕೆಳಗಿನಿಂದ ಸಣ್ಣ ಬಿಳಿ ಗುಳಿಗೆ ಬೀಳುತ್ತದೆ. ಅದು ಹೊಟ್ಟೆಗೂ ತಕರಾರು ಮಾಡಲಿಲ್ಲ. ಸಾವ್ಕಾರರ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು.

ಆ ವರ್ಷ ಮೆಣಸಿನಕಾಯಿ ರೇಟು ನೆಲಕಚ್ಚಿತ್ತು. ಹಾವೇರಿಯಲ್ಲಿ ಕೋರ್ಟಿನ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆವು. ಸಾವ್ಕಾರರು ಮೂಲೆಯ ಟೇಬಲ್ಲಿಗೆ ಕುಂತು, ಸಕ್ಕರೆ ಇಲ್ಲದ ಚಹಾ ಹೇಳಿ, ಯಾರಾದರೂ ನೋಡಿಯಾರೆಂದು ಆಚೀಚೆ ಕಣ್ಣಾಡಿಸಿ, ಕಿಸೆಯಿಂದ ಡಬ್ಬಿ ತೆಗೆದು ಟೇಬಲ್ಲಿನ ಕೆಳಗೇ ಗುಳಿಗೆ ಒತ್ತಿ ಚಹಾಕ್ಕೆ ಹಾಕಿದರು. ಕಪ್ಪು ತುಟಿಗೆ ತಾಗುವುದರೊಳಗೆ ಹೋಟೆಲಿನ ಮಾಲಕರು ಗಲ್ಲಾ ಬಿಟ್ಟು ಓಡಿ ಬಂದು ಕೈ ಹಿಡಿದರು.

"ಸಾವ್ಕಾರ್ರ, ಏನ ಕಷ್ಟ ಇದ್ರೂ ಕುಂತು ಮಾತಾಡೂಣು. ಇಂಥಾದ್ದು ಬ್ಯಾಡ್ರಿ. ಅದೂ ನಮ್ಮ ಹೋಟೆಲ್‌ದಾಗ."

"ಏ, ಇದು ಸಿಹಿ ಗುಳಿಗಿ ಮಾರಾಯಾ."

"ಸಿಹಿ ಬೇಕಂದ್ರ ಸಕ್ರಿ ಇಲ್ಲೇನ್ರಿ ನಮ್ಮಲ್ಲೆ?"

ಮಂದಿ ಕೂಡಿತು. ಒಬ್ಬರು ಕಪ್ಪನ್ನು ದೂರ ಸರಿಸಿಟ್ಟರು. ಇನ್ನೊಬ್ಬರು, ಮಕ್ಕಳ ಮುಖಾ ನೋಡಿ ಜೀವಾ ಗಟ್ಟಿ ಮಾಡ್ಕೋರಿ ಎಂದು ಬೆನ್ನು ಸವರಿದರು. ಸಾವ್ಕಾರರ ಜೋಲು ಅಂಗಿ, ಒಳಗಿಳಿದ ಗಲ್ಲ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಗಳ ಮದುವಿ ಐತ್ರೀ ಎಂದು ಸಾವ್ಕಾರರು ಗೋಗರೆದರೆ, "ಖರ್ಚಿಗೆ ಅಂಜಿ ಸಾಯ್ತಾರೇನ್ರಿ ಯಾರರ?" ಎಂದು ಅದಕ್ಕೂ ಸಮಾಧಾನ ಹೇಳಿದರು.

ಕೊನೆಗೆ ಹಿಂದಿನ ಬೆಂಚಿನಲ್ಲಿ ಮಿರ್ಚಿ ತಿನ್ನುತ್ತಿದ್ದ ಒಬ್ಬ ರೈತ ಬಾಯಿ ಒರೆಸಿಕೊಂಡು ಹೇಳಿದ.

"ಆ ಚಾ ಕೊಡ್ರಿ ಅವರಿಗೆ. ರೇಟ್ ಬಿದ್ದಾಗ ವಿಷಾ ಕುಡಿಯಾವ್ರು ನಾವು. ದಲಾಲ್ರು ಕುಡದದ್ದು ಯಾರರ ಕೇಳೀರೇನು?"

ಮಾಲಕರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಕಪ್ಪನ್ನು ತಂದು ಸಾವ್ಕಾರರ ಮುಂದಿಟ್ಟು, ಆರೈತೇನ್ರಿ, ಬಿಸಿ ಮಾಡಿ ಕೊಡ್ಲೇನು ಎಂದರು.

೪. ಸಕ್ರಿ ಇಲ್ಲದ ಪೇಢೆ

ಅಕ್ಕಾರು ಹುಬ್ಬಳ್ಳಿಯಿಂದ ಸಕ್ಕರೆ ಇಲ್ಲದ ಪೇಢೆಯ ಡಬ್ಬಿ ತರಿಸಿದರು. ಸಾವ್ಕಾರರು ಅರ್ಧ ಪೇಢೆ ತಿಂದು, ಎದೆ ಮೇಲೆ ಕೈ ಇಟ್ಟುಕೊಂಡು ಗಡಿಯಾರ ನೋಡುತ್ತ ಕುಂತರು. ಏನೂ ಆಗಲಿಲ್ಲ. ಬೀಗರ ಮನೆಯಲ್ಲಿ ಸಕ್ಕರೆಗೆ ಬದಲು ಇದನ್ನೇ ಬಾಯಿಗೆ ಹಾಕಿಸಿದರೆ ಗೆದ್ದೆವು ಎಂದು ಗಂಡ ಹೆಂಡತಿ ಲೆಕ್ಕ ಹಾಕಿ ಡಬ್ಬಿಯನ್ನು ಕಪಾಟಿನಲ್ಲಿಟ್ಟರು.

ಆ ಹೊತ್ತಿಗೆ ಅಕ್ಕಾರ ಅಣ್ಣ ಮೇಡ್ಲೇರಿಯಿಂದ ಬಂದಿಳಿದರು. ತಂಗಿಯ ಮನೆಯ ಕಪಾಟು ಅವರಿಗೆ ತಮ್ಮ ಮನೆಯ ಕಪಾಟಿಗಿಂತ ಚೆನ್ನಾಗಿ ಗೊತ್ತು. ಅಕ್ಕಾರು ನೋಡುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು.

"ಅಣ್ಣಾ, ಅಷ್ಟೂ ತಿಂದ್ಯಾ?"

"ಸಕ್ರಿ ಇಲ್ಲಂತ ಡಬ್ಬಿ ಮ್ಯಾಲೆ ಬರದಾರಲ್ಲವಾ. ಸಕ್ರಿ ಇಲ್ಲಂದ ಮ್ಯಾಲೆ ಎಷ್ಟು ತಿಂದ್ರೇನು?"

ಮಧ್ಯಾಹ್ನ ಅವರನ್ನು ಊರಿಗೆ ಬಿಡಲು ನಾನು ಕಾರು ತೆಗೆದೆ. ರಾಣೆಬೆನ್ನೂರು ದಾಟುವವರೆಗೆ ಅವರ ಹೊಟ್ಟೆ ಒಳಗೊಳಗೇ ಮಾತಾಡುತ್ತಿತ್ತು. ದಾಟಿದ ಮೇಲೆ ಬಾಯಿ ಬಿಟ್ಟು ಮಾತಾಡಿತು. "ತಮ್ಮಾ, ನಿಲ್ಸು" ಎಂದು ಕಬ್ಬಿನ ಗದ್ದೆಗೆ ಇಳಿದರು. ಬಂದು ಕುಂತು ಎರಡು ಹೊಲ ದಾಟುವುದರೊಳಗೆ ಮತ್ತೆ "ನಿಲ್ಸು". ಹೊಳೆ ನೀರಿನ ಸೀಮೆ, ರಸ್ತೆಯ ಎರಡೂ ಕಡೆ ಎದೆಮಟ್ಟದ ಪೈರು, ಹಾಗಾಗಿ ಮಾನ ಉಳಿಯಿತು. ಎದುರಿಗೆ ಬಂದ ಗುರುತಿನವರೊಬ್ಬರು ಸೈಕಲ್ ನಿಲ್ಲಿಸಿ, "ಏನ್ರಿ ಗೌಡ್ರ, ಹೊಲಾ ನೋಡಾಕತ್ತೀರೇನು? ತಗೊಳ್ಳೂ ವಿಚಾರ ಐತೇನು?" ಎಂದು ಕೇಳಿದರು. ಗೌಡರು ಪೈರಿನೊಳಗಿನಿಂದಲೇ, "ನೋಡಾಕತ್ತೇನಿ, ಇನ್ನೂ ಗಟ್ಟಿ ಮಾಡಿಲ್ಲ" ಅಂದರು.

ಮೇಡ್ಲೇರಿ ಮುಟ್ಟುವ ಹೊತ್ತಿಗೆ ಅವರಿಗೆ ಕಾರಿನಿಂದ ಇಳಿಯುವ ತ್ರಾಣವೂ ಇರಲಿಲ್ಲ. ನನ್ನ ಹೆಗಲು ಹಿಡಿದು ಸಣ್ಣ ದನಿಯಲ್ಲಿ ಹೇಳಿದರು.

"ಸಕ್ರಿ ಇಲ್ಲಂತ ದೊಡ್ಡ ಅಕ್ಷರದಾಗ ಬರದಾರಪಾ. ಬ್ಯಾರೆ ಏನ ಐತಿ ಅಂತ ಬರೀಲಿಲ್ಲ ನೋಡು."

೫. ತಾಲೀಮು

ಬೀಗರ ಹೊಟ್ಟೆಯೂ ಹೀಗೇ ಕೆಟ್ಟರೆ ಎಂಬ ಅಂಜಿಕೆಗೆ ಪೇಢೆಯ ಉಪಾಯ ಅಲ್ಲಿಗೆ ಮುಗಿಯಿತು. ಬೀಗರ ಮನೆಗೆ ಹೋಗುವ ದಿನ ಹತ್ತಿರ ಬಂತು. ಯಾರೂ ನೋಡಬಾರದೆಂದು ಸಾವ್ಕಾರರು ನನ್ನನ್ನು ಮೆಣಸಿನಕಾಯಿ ಗೋದಾಮಿಗೆ ಕರೆದೊಯ್ದರು. ಒಳಗೆ ಚಿಲಕ ಹಾಕಿ, ಚೀಲದ ಮೇಲೆ ಎದುರಾ ಬದುರಾ ಕುಂತೆವು.

"ನೀ ಬೀಗ ಆಗು. ಒಂದು ಚಿಟಿಗಿ ಹಾಕು. ನುಂಗೂದಿಲ್ಲ, ದವಡಿಯಾಗ ಹಿಡದು ನೋಡ್ತೇನಿ."

ನಾನು ಬೀಗನ ಗತ್ತಿನಲ್ಲಿ ಒಂದು ಚಿಟಿಕೆ ಹಾಕಿದೆ. ಹಿಡಿದರು. ಇನ್ನೊಂದು ಹಾಕಿದೆ. ಅದನ್ನೂ ಹಿಡಿದರು. ಧೈರ್ಯ ಬಂದು, ಮುಷ್ಟಿ ಹಾಕು ಎಂದು ಸನ್ನೆ ಮಾಡಿದರು. ಮುಷ್ಟಿ ಹಾಕಿದೆ. ಬ್ಯಾಡಗಿಯ ಗೋದಾಮಿನಲ್ಲಿ ಬಾಯಿ ತುಂಬಿಕೊಂಡು ಮೂಗಿನಿಂದ ಉಸಿರೆಳೆಯುವುದು ಎಂಥ ಕೆಲಸವೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಖಾರದ ಘಾಟು ನೆತ್ತಿಗೇರಿ ಸಾವ್ಕಾರರು ಒಂದು ಸೀನು ಸೀನಿದರು. ಸಕ್ಕರೆಯೆಲ್ಲ ನನ್ನ ಮುಖದ ಮೇಲೆ.

ಕಣ್ಣು ಒರೆಸಿಕೊಂಡು ಕೇಳಿದೆ. "ಬೀಗರ ಮುಂದ ಹಿಂಗಾದ್ರ ಹೆಂಗ್ರಿ?"

"ಹಿಂಗಾಗೂದಿಲ್ಲ. ಅವರು ಹತ್ತಿ ಬೀಜದವ್ರು" ಅಂದರು.

೬. ಬಾಯಿ ತುಂಬಿದ ಮೇಲೆ

ರಾಣೆಬೆನ್ನೂರಿನ ಆ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕುಂತಿದ್ದರು. ನಾನು ತೆಂಗಿನಕಾಯಿ, ಹೂವಿನ ಪುಟ್ಟಿ ಇಳಿಸಿ ಬಾಗಿಲ ಹತ್ತಿರ ಕುಂತೆ. ಬೀಗರು ನಮ್ಮ ಸಾವ್ಕಾರರು ಮೊದಲಿದ್ದಷ್ಟೇ ದಪ್ಪ. ಅವರ ಪಕ್ಕದಲ್ಲಿ ಅವರ ತಾಯಿ, ಹಲ್ಲಿಲ್ಲದ ಅಜ್ಜಿ, ಗೋಡೆಗೆ ಆತು ಕುಂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

ಮಾತು ಎರಡು ಕಡೆ ಸಿಕ್ಕಿಹಾಕಿಕೊಂಡಿತ್ತು. ಬೀಗರಿಗೆ ಮಗನಿಗೊಂದು ಕಾರು ಬೇಕು, ಬಾಯಿ ಬಿಟ್ಟು ಕೇಳಲು ನಾಚಿಕೆ. "ನಮ್ಮ ಹುಡುಗಗ ಬಿಸಿಲು ತಡಿಯೂದಿಲ್ರಿ" ಅನ್ನುತ್ತಿದ್ದರು. ನಮ್ಮ ಸಾವ್ಕಾರರು, "ಚಲೋ ಛತ್ರಿ ಸಿಗ್ತಾವ್ರಿ ಈಗ" ಅನ್ನುತ್ತಿದ್ದರು. ಹುಡುಗಿಯ ಮಾಸ್ತರಿಕೆ ಓದು ಅರ್ಧಕ್ಕಿತ್ತು. ಆಕೆಗೆ ಮುಗಿಸಿ ನೌಕರಿ ಮಾಡುವ ಆಸೆ, ಸಾವ್ಕಾರರಿಗೆ ಬಿಡಿಸಿ ಲಗೂ ಕೈ ತೊಳೆದುಕೊಳ್ಳುವ ಆಸೆ. ಆಕೆ ಮನೆಯಲ್ಲಿ ಎರಡು ದಿನ ಊಟ ಬಿಟ್ಟು ನೋಡಿದ್ದಳು. ಊಟವೇ ಮಾಡದ ಅಪ್ಪನ ಮುಂದೆ ಅದು ನಡೆಯಲಿಲ್ಲ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. "ಜಗ್ಗಾಡಿದ್ದು ಸಾಕು. ಮೊದಲ ಸಕ್ರಿ ಹಾಕ್ರಿ. ಉಳಿದದ್ದು ನಾ ಕೇಳ್ತೇನಿ."

ತಟ್ಟೆ ಬಂತು. ಬೀಗರು ಒಂದು ಮುಷ್ಟಿ ಎತ್ತಿ ನಮ್ಮ ಸಾವ್ಕಾರರ ಬಾಯಿಗೆ ಹಾಕಿದರು. ಸಾವ್ಕಾರರು ಅದಕ್ಕಿಂತ ದೊಡ್ಡ ಮುಷ್ಟಿ ಅವರ ಬಾಯಿಗೆ ಹಾಕಿದರು. ತಾಲೀಮಿನ ಪ್ರಕಾರ ನಮ್ಮವರು ದವಡೆಯಲ್ಲಿ ಹಿಡಿದರು. ನಾನು ಬೀಗರ ಕಡೆ ನೋಡಿದೆ. ಅವರ ಗಲ್ಲವೂ ಉಬ್ಬಿತ್ತು, ಗಂಟಲು ಮಾತ್ರ ಅಲ್ಲಾಡುತ್ತಿರಲಿಲ್ಲ.

ಅಜ್ಜಿ ಮಗನ ಕಡೆ ತಿರುಗಿದಳು. "ಕಾರು ಗೀರು ಏನೂ ಬ್ಯಾಡ, ಹುಡುಗಿ ಬಂದ್ರ ಸಾಕು ಅಂತ ನಿನ್ನೆ ನೀನ ಹೇಳಿದ್ದೆಲ್ಲಪಾ?"

ಬೀಗರ ಕಣ್ಣು ದೊಡ್ಡವಾದವು. ತಲೆ ಅಡ್ಡಡ್ಡ ಆಡಿಸಿ, "ಊಂ ಊಂ" ಅಂದರು.

"ಹೂಂ ಅಂದ ನೋಡ್ರಿ" ಎಂದಳು ಅಜ್ಜಿ, ಎಲ್ಲರ ಕಡೆ ನೋಡಿ. ಆಮೇಲೆ ನಮ್ಮವರ ಕಡೆ ತಿರುಗಿದಳು. "ಬೀಗಪ್ಪಾರ, ಹುಡುಗಿ ಓದು ಮುಗಸ್ಲಿ. ಮದುವಿ ಆದ ಮ್ಯಾಲೂ ಸಾಲಿಗೆ ಹೋಗಿ ಕಲಸ್ಲಿ. ನಿಮ್ಮದೇನ ತಕರಾರ ಇದ್ರ ಈಗ ಹೇಳ್ರಿ."

ತಕರಾರು ಹೇಳಬೇಕಾದರೆ ಬಾಯಿ ತೆರೆಯಬೇಕು. ತೆರೆದರೆ ಅಷ್ಟೂ ಸಕ್ಕರೆ ಜಮಖಾನೆಯ ಮೇಲೆ. ಸಾವ್ಕಾರರು ನನ್ನನ್ನು ನೋಡಿದರು. ನಾನು ಸೂರು ನೋಡಿದೆ.

"ಸುಮ್ಮನಿದ್ದಾರ. ಒಪ್ಪಿಗಿ ಆತು" ಎಂದಳು ಅಜ್ಜಿ. ಹೆಂಗಸರು ಆರತಿ ಎತ್ತಿದರು. ಒಳಗಿನ ಬಾಗಿಲಲ್ಲಿ, ನಮ್ಮ ಜೊತೆ ಬಂದಿದ್ದ ಹುಡುಗಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಸಾವ್ಕಾರರು ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ನಡೆದರು. ನಾನು ತಂಬಿಗೆ ಹಿಡಿದು ಹಿಂದೆ ಓಡಿದೆ. ಅಲ್ಲಿ ನುಗ್ಗೆ ಗಿಡದ ಬುಡದಲ್ಲಿ ಬೀಗರು ಆಗಲೇ ಬಗ್ಗಿ ಉಗುಳುತ್ತಿದ್ದರು. ನಮ್ಮವರು ಗಿಡದ ಇನ್ನೊಂದು ಮಗ್ಗುಲಿಗೆ ಬಗ್ಗಿದರು. ಇಬ್ಬರೂ ಬಾಯಿ ಮುಕ್ಕಳಿಸಿ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿದರು.

"ನಿಮಗೂ ಸಕ್ರಿ ಬ್ಯಾನಿ ಏನ್ರಿ?" ಬೀಗರು ಮೆಲ್ಲಗೆ ಕೇಳಿದರು. "ಇನ್ನೊಮ್ಮೆ ಸಿಹಿ ತಿಂದ್ರ ದಿನಾ ಸೂಜಿ ಚುಚ್ಚಬೇಕಾಕೈತಿ ಅಂದಾರ ಡಾಕ್ಟ್ರು. ನಿಮಗ ಗೊತ್ತಾದ್ರ ಹೆಣ್ಣು ಕೊಡೂದಿಲ್ಲ ಅಂತ ಮುಚ್ಚಿಟ್ಟಿದ್ವಿ."

ಸಾವ್ಕಾರರ ಹಣೆಯಲ್ಲಿ ಬೆವರು ಮೂಡುತ್ತಿತ್ತು. ಕರಗಿ ಇಳಿದ ಒಂದಷ್ಟು ಸಕ್ಕರೆ ಕೆಲಸ ಶುರು ಮಾಡಿತ್ತು. ಸುಳ್ಳು ಕಟ್ಟುವ ತ್ರಾಣ ಇರಲಿಲ್ಲ. "ಇಲ್ರಿ. ನಾ ಹೊಟ್ಟಿ ಕೊಯ್ಸಿ ಸಣ್ಣದು ಮಾಡಿಸೇನಿ" ಅಂದುಬಿಟ್ಟರು.

ಸಂಬಂಧ ಮುರಿಯಿತು ಎಂದುಕೊಂಡೆ ನಾನು. ಬೀಗರು ತಮ್ಮ ಹೊಟ್ಟೆ ನೋಡಿಕೊಂಡರು, ನಮ್ಮವರ ಹೊಟ್ಟೆ ನೋಡಿದರು. "ಹಂಗ ಮಾಡಿಸಿದ್ರ ಇಷ್ಟು ಇಳೀತೈತೇನ್ರಿ? ಆ ಡಾಕ್ಟ್ರ ವಿಳಾಸ ಕೊಡ್ರಿ ಮೊದಲ."

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು. ಇಷ್ಟು ಜೀವದ ಬೀಗತನ ನಾನು ಎಲ್ಲೂ ಕಂಡಿಲ್ಲ. ಹಾಗೇ ನಿಂತಿದ್ದಾಗ ಬೀಗರಿಗೆ ಕಾರು ನೆನಪಾಯಿತು, ನಮ್ಮವರಿಗೆ ಮಗಳ ಓದು.

"ನಡೀರಿ ಒಳಗ" ಎಂದರು ಬೀಗರು. "ಈಗ ಬಾಯಿ ಖಾಲಿ ಐತಿ. ಮುದುಕಿ ತಾನ ತಾನ ಮುಗಿಸಿದ ಮಾತು ತಿರುಗಿ ತಗೀಯೂಣು."

ಒಳಗೆ ಹೋದರು. ಅಜ್ಜಿ ಜಾಗ ಬಿಟ್ಟು ಎದ್ದಿರಲಿಲ್ಲ. ತೊಡೆಯ ಮೇಲೆ ಸಕ್ಕರೆಯ ತಟ್ಟೆ ಇತ್ತು, ಮತ್ತೆ ತುಂಬಿಸಿದ್ದರು.

"ಬರ್ರಿ, ಕುಂದ್ರಿ. ಏನರ ಬದಲಿ ಮಾಡೂದೈತೇನು? ಇದ್ರ ಹೇಳ್ರಿ, ಮೊದಲಿಂದ ಮಾತಾಡೂಣು. ಮಾತು ಬದಲಾತಂದ್ರ ಸಕ್ರಿನೂ ಹೊಸದಾಗಿ ಹಾಕಬೇಕಾಕೈತಿ. ಈ ಸಲ ನನ್ನ ಕೈಲೆ ಹಾಕ್ತೇನಿ. ನುಂಗೂತನಾ ಇಲ್ಲೇ ಕುಂತಿರ್ತೇನಿ."

ನಮ್ಮ ಸಾವ್ಕಾರರು, "ಏನಿಲ್ಲಬೇ, ಏನಿಲ್ಲ" ಎಂದು ಕುಂತುಬಿಟ್ಟರು. ಬೀಗರು ಇನ್ನೂ ನಿಂತೇ ಇದ್ದರು, ಕಾರಿನ ಆಸೆ ಸ್ವಲ್ಪ ದೊಡ್ಡದಿತ್ತು. ಅಜ್ಜಿ ಮುಷ್ಟಿ ತುಂಬ ಸಕ್ಕರೆ ಎತ್ತಿದಳು.

ಅವರೂ ಕುಂತರು.